ಸರ್ವರ್ ಡೌನ್ ಅಂದರೆ ಯಾವುದು ಡೌನ್?

‘ಸರ್ವರ್ ಡೌನ್ ಇದೆ, ನಾಳೆ ಬನ್ನಿ.’ ಬೆಳೆ ಸಾಲಕ್ಕೆಂದು ಪಹಣಿ ತರಲು ಹೋದವರಿಗೆ ರಾಜ್ಯದ ಯಾವ ಮೂಲೆಯಲ್ಲೂ ಈ ಮಾತು ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದ ಹೋಬಳಿಯ ಮೆಕ್ಕೆಜೋಳದ ಹೊಲದ ಪಹಣಿ ಇಂದು ಇರುವುದು ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಹಾಗಿದ್ದರೆ ಕೆಟ್ಟದ್ದು ಯಾವುದು, ಎಲ್ಲಿ?

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಜಾರಿಗೆ ಬಂದಾಗ ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳು ಗ್ರಾಮಲೆಕ್ಕಿಗರ ಪುಸ್ತಕ ಬಿಟ್ಟು ಕಂಪ್ಯೂಟರ್ ಸೇರಿದವು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಆಗ ಆಯಾ ತಾಲ್ಲೂಕು ಕಚೇರಿಗೇ ಒಂದು ಸರ್ವರ್, ಒಂದು ಯುಪಿಎಸ್. ಅದು ಕೆಟ್ಟರೆ ಇಡೀ ತಾಲ್ಲೂಕು ಕಾಯಬೇಕಿತ್ತು. ಮುಂದೆ ಈ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು. ಕೇಂದ್ರ ಸರ್ಕಾರವೂ 2014ರಲ್ಲಿ ‘ಮೇಘರಾಜ್’ ಹೆಸರಿನಲ್ಲಿ ತನ್ನ ಕ್ಲೌಡ್, ಅಂದರೆ ದೂರದಿಂದಲೇ ಹಂಚಿಕೊಂಡು ಬಳಸುವ ಸರ್ವರ್‌ಗಳ ವ್ಯವಸ್ಥೆ, ತೆರೆಯಿತು.

ಇಂಥ ದತ್ತಾಂಶ ಕೇಂದ್ರದೊಳಗೆ ಸಾಲುಸಾಲು ಉಕ್ಕಿನ ರ್‍ಯಾಕ್‌ಗಳಿರುತ್ತವೆ. ಅವುಗಳಲ್ಲಿ ಕೂರುವ ಯಂತ್ರಗಳ ಅಗಲ 19 ಇಂಚು. ತೀರಾ ತೆಳುವಾದ ಸರ್ವರ್‌ನ ಎತ್ತರ ಒಂದೂಮುಕ್ಕಾಲು ಇಂಚು. ಅದರ ಬೆನ್ನಿಗೆ ಸಾಮಾನ್ಯವಾಗಿ ಎರಡು ವಿದ್ಯುತ್ ತಂತಿ, ಒಂದು ಹೋದರೆ ಇನ್ನೊಂದಿರಲಿ ಎಂದು. ಕರೆಂಟ್ ಹೋದ ಕ್ಷಣ ಬ್ಯಾಟರಿ ಹೊಣೆ ಹೊರುತ್ತದೆ, ಅಷ್ಟರಲ್ಲಿ ಡೀಸೆಲ್ ಜನರೇಟರ್ ಎದ್ದಿರುತ್ತದೆ. ಫ್ಯಾನುಗಳ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳದು. ಇಷ್ಟು ಯಂತ್ರಗಳ ಬಿಸಿ ಇಳಿಸುವುದೇ ಅಲ್ಲಿ ದೊಡ್ಡ ಕೆಲಸ.

ದಾಖಲೆಗಳು ಕೂರುವ ಹಾರ್ಡ್ ಡಿಸ್ಕ್ ಒಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಓದುವ ಮೊನೆ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ, ಅದನ್ನು ಮುಟ್ಟದೆ ತೇಲುತ್ತಿರುತ್ತದೆ. ಇಷ್ಟು ನಾಜೂಕಾದದ್ದು ಕೆಡದೆ ಇರುತ್ತದೆಯೇ? ನೂರು ಡಿಸ್ಕ್ ಇದ್ದಲ್ಲಿ ವರ್ಷಕ್ಕೆ ಒಂದೆರಡು ಹಾಳಾಗುವುದು ಮಾಮೂಲು. ಅದಕ್ಕೇ ಪ್ರತಿಯೊಂದು ದಾಖಲೆಗೂ ಬೇರೆ ಬೇರೆ ಡಿಸ್ಕ್‌ಗಳಲ್ಲಿ ಪ್ರತಿಗಳನ್ನಿಡುತ್ತಾರೆ. ಹಾಳಾದ ಡಿಸ್ಕ್ ಕಿತ್ತು ಹೊಸದನ್ನು ತೂರಿಸಿದರೆ ಉಳಿದ ಪ್ರತಿಗಳಿಂದ ಅದು ತುಂಬಿಕೊಳ್ಳುತ್ತದೆ. ಸರದಿಯಲ್ಲಿ ನಿಂತವರಿಗೆ ಅದರ ಸುಳಿವೂ ಸಿಗುವುದಿಲ್ಲ. ಇನ್ನು ಹೈಪರ್‌ವೈಸರ್ ಎಂಬ ತಂತ್ರಾಂಶ ಒಂದೇ ಸರ್ವರನ್ನು ಹತ್ತಾರು ಬಿಡಿ ಯಂತ್ರಗಳಂತೆ ಹಂಚಿಕೊಡುತ್ತದೆ. ಕ್ಲೌಡ್‌ನ ವ್ಯಾಪಾರವೆಲ್ಲ ನಿಂತಿರುವುದು ಈ ಹಂಚಿಕೆಯ ಮೇಲೆ.

ಕ್ಲೌಡ್‌ನಲ್ಲಿ ಮೂರು ಬಗೆಯ ಸೇವೆಗಳಿವೆ. ಅದಕ್ಕೆ ತಾಳಗುಂದದ್ದೇ ಉದಾಹರಣೆ ಇದೆ. ಅಲ್ಲಿನ ಪ್ರಣವೇಶ್ವರ ದೇವಾಲಯದ ಮುಂದೆ ಐದನೇ ಶತಮಾನದ ಕದಂಬರ ಸ್ತಂಭಶಾಸನವಿದೆ. ಕದಂಬ ದೊರೆ ಶಾಂತಿವರ್ಮನ ಅಪ್ಪಣೆಯಂತೆ ಕಾವ್ಯ ಕಟ್ಟಿದ ಕುಬ್ಜ ಅದನ್ನು ಕಲ್ಲಿನ ಮೇಲೆ ತಾನೇ ಬರೆದ. ಬರೆಯಲು ಬೇಕಾದ ಕಲ್ಲನ್ನಷ್ಟೇ ತಂದು ನಿಲ್ಲಿಸಿಕೊಟ್ಟು, ಉಳಿದದ್ದು ನಿನ್ನದು ಎಂದರೆ ಅದು ಮೂಲಸೌಕರ್ಯ ಸೇವೆ: ಬಾಡಿಗೆಗೆ ಸರ್ವರ್, ಡಿಸ್ಕ್, ನೆಟ್‌ವರ್ಕ್. 2006ರಲ್ಲಿ ಅಮೆಜಾನ್ ಮಾರತೊಡಗಿದ್ದು ಇದನ್ನೇ. ಕಲ್ಲನ್ನು ನಯಗೊಳಿಸಿ, ಗೆರೆ ಎಳೆದು, ಉಳಿ ಸುತ್ತಿಗೆಯನ್ನೂ ಕೊಟ್ಟರೆ ಅದು ವೇದಿಕೆ ಸೇವೆ. ಪ್ರೋಗ್ರಾಂ ಬರೆಯುವವರು ತಮ್ಮ ಕೋಡ್ ತಂದರೆ ಸಾಕು. ಕೆತ್ತಿ ಮುಗಿದ ಶಾಸನವನ್ನು ಓದುವುದಷ್ಟೇ ನಿಮ್ಮ ಕೆಲಸವಾದರೆ ಅದು ತಂತ್ರಾಂಶ ಸೇವೆ: ಜಿಮೇಲ್, ಡಿಜಿಲಾಕರ್. ಮೊಬೈಲಿನಲ್ಲಿ ಪಹಣಿ ನೋಡುವ ರೈತ ಇರುವುದೂ ಇಲ್ಲೇ.

ಈ ಮೂರು ಸೇವೆಗಳ ಮೆಟ್ಟಿಲು ಏರಿದಷ್ಟೂ ಬಳಕೆದಾರರ ಹೊರೆ ಕಡಿಮೆ, ಹಿಡಿತವೂ ಕಡಿಮೆ. ಒಳಗಿನ ಮಾಹಿತಿಯ ಹೊಣೆ ಮಾತ್ರ ಯಾವ ಮೆಟ್ಟಿಲಲ್ಲೂ ಕ್ಲೌಡ್ ಕಂಪನಿಯದಲ್ಲ. ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿದ್ದರೆ ಅದರ ಎಲ್ಲ ಪ್ರತಿಗಳಲ್ಲೂ ಆ ತಪ್ಪು ಭದ್ರವಾಗಿರುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ದೂರ ತಡಮಾಡುತ್ತಿದೆಯೇ? ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ತಾಳಗುಂದದಿಂದ ಬೆಂಗಳೂರಿಗೆ ಹೋಗಿ ಬರಲು ನೇರ ದಾರಿಯಲ್ಲಿ ಮೂರು ಮಿಲಿಸೆಕೆಂಡ್ ಸಾಕು. ಅಂದರೆ ದೂರ ಕಾರಣವಲ್ಲ. ರಸ್ತೆ ಅಗೆಯುವಾಗ ತುಂಡಾದ ಕೇಬಲ್, ಕಚೇರಿಯಲ್ಲಿ ಹೋದ ಕರೆಂಟ್, ಏಕಕಾಲಕ್ಕೆ ಮುಗಿಬಿದ್ದ ಬಳಕೆದಾರರು, ತಂತ್ರಾಂಶದ ದೋಷ, ಎಲ್ಲಕ್ಕೂ ಕೌಂಟರಿನಲ್ಲಿ ‘ಸರ್ವರ್ ಡೌನ್’ ಎಂಬ ಒಂದೇ ಹೆಸರು. ಬೆಂಗಳೂರಿನ ಕೇಂದ್ರದಲ್ಲಿ ಪ್ರತಿಯೊಂದಕ್ಕೂ ಬದಲಿ ಇಡುವ ನಾವು ಹೋಬಳಿಯ ಕೊನೆಯ ಕೇಬಲಿಗೂ ಒಂದು ಬದಲಿ ಇಡಬೇಕಲ್ಲವೇ?

ಅದಾಗುವವರೆಗೆ ಕಚೇರಿಗಳು ಒಂದು ಕೆಲಸವನ್ನಂತೂ ಮಾಡಬಹುದು. ಕೆಟ್ಟದ್ದು ಕರೆಂಟೋ, ನೆಟ್‌ವರ್ಕೋ, ತಂತ್ರಾಂಶವೋ, ಎಷ್ಟು ಹೊತ್ತಿಗೆ ಸರಿಹೋದೀತು ಎಂದು ಬಾಗಿಲ ಬಳಿ ಬರೆದು ಹಾಕಲಿ. ಕೂಲಿ ಬಿಟ್ಟು ಬಸ್ಸು ಹತ್ತಿ ಬಂದವರು ಅದನ್ನು ಸಂಕೋಚವಿಲ್ಲದೆ ಕೇಳಲಿ.