ಒಂದರ ಸ್ಥಾನದಲ್ಲಿ ಇನ್ನೊಂದು

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಹೋಗುವವರು ಬಳ್ಳಿಗಾವೆಯ ಕೇದಾರೇಶ್ವರನಿಗೆ ಕೈಮುಗಿಯುವುದುಂಟು, ಗುಡಿಗಾರರ ಗಂಧದ ಕೆತ್ತನೆಯನ್ನು ಕೊಂಡಾಡುವುದುಂಟು. ಆದರೆ ತಯಾರಿಕೆ ಎಂದೋ ನಿಂತುಹೋದ ಕಾರುಗಳನ್ನು ನಿಲ್ಲಬೇಕಾದಲ್ಲಿ ನಿಲ್ಲುವಂತೆ ಮಾಡುವ ಗ್ಯಾರೇಜು ಮೇಸ್ತ್ರಿಗಳ ವಿದ್ಯೆಯನ್ನು ವಿದ್ಯೆಯೆಂದು ಗಣಿಸಿದವರು ವಿರಳ.

ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಸಂತತಿ. ಮುಂಬಯಿಯ ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್ 1100ರದು. 1983ರಲ್ಲಿ ಬಂದ ಮಾರುತಿ 800 ಜಪಾನಿನ ಸುಜುಕಿಯದು. ಇವುಗಳ ಬಿಡಿಭಾಗ ಶಿವಮೊಗ್ಗದಲ್ಲಿ ದೊರೆಯದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬೇಕು, ಅಲ್ಲಿಯೂ ಇಲ್ಲವಾದರೆ ಬೇರೊಂದು ವಾಹನದ್ದನ್ನು ಹೊಂದಿಸಬಹುದೇ ಎಂಬ ಪ್ರಶ್ನೆ ಏಳುತ್ತದೆ. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಓಟದ ಪಥದಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಬಿಚ್ಚಿ, ಭಾಗಗಳನ್ನು ಬೆರೆಸಿ, ಮರಳಿ ಜೋಡಿಸಿ 500 ಮೈಲಿ ಓಡಿಸಿದಾಗ ಜಗತ್ತು ಬೆರಗಾಗಿತ್ತು. ಅವಾದರೂ ಒಂದೇ ಕಾರ್ಖಾನೆಯ ಕೂಸುಗಳು.

ಬ್ರೇಕಿನ ವಿಷಯದಲ್ಲಿ ಜಾಗಕ್ಕೆ ಕೂರುವುದು ಬೇರೆ, ಕೆಲಸಕ್ಕೆ ಒದಗುವುದು ಬೇರೆ. ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಿಂದ ಹೊರಟ ಎಣ್ಣೆಯ ಒತ್ತಡವು ಚಕ್ರದ ಬಳಿಯ ವೀಲ್ ಸಿಲಿಂಡರನ್ನು ಹೊಕ್ಕು, ಪಿಸ್ಟನ್ನುಗಳನ್ನು ತಳ್ಳಿ, ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಮುಕ್ಕಾಲು ಅಂಗುಲ ರಂಧ್ರದ ವೀಲ್ ಸಿಲಿಂಡರ್ ಇದ್ದೆಡೆ 7/8 ಅಂಗುಲದ್ದನ್ನು ಕೂರಿಸಿದರೆ ಕಣ್ಣಿಗೆ ಕಾಣುವ ಅಂತರ ಅಂಗುಲದ ಎಂಟನೆಯ ಒಂದು ಭಾಗವಷ್ಟೆ. ಆದರೆ ಒತ್ತಡವನ್ನು ಹೊರುವ ವಿಸ್ತೀರ್ಣ ಶೇಕಡ 36ರಷ್ಟು ಹೆಚ್ಚಿ, ಶೂವಿನ ಮೇಲಿನ ಬಲವೂ ಅಷ್ಟೇ ಹೆಚ್ಚುತ್ತದೆ, ಪೆಡಲೂ ಹಿಂದಿಗಿಂತ ಕೆಳಗೆ ಇಳಿಯುತ್ತದೆ. ಮುಂದಿನ ಒಂದೇ ಚಕ್ರಕ್ಕೆ ಹೀಗೆ ಮಾಡಿದಲ್ಲಿ ಕಾರು ಆ ಕಡೆಗೆ ಎಳೆಯುವುದು. ಹಿಂದಿನ ಎರಡಕ್ಕೂ ಮಾಡಿದಲ್ಲಿ ಆಷಾಢದ ಮಳೆಯಲ್ಲಿ ನೆನೆದ ಚಂದ್ರಗುತ್ತಿಯ ರಸ್ತೆಯಂಥ ಕಡೆ ಹಿಂದಿನ ಚಕ್ರಗಳೇ ಮೊದಲು ಬಿಗಿದು ಗಾಡಿ ಅಡ್ಡ ತಿರುಗೀತು.

ಆದುದರಿಂದ ಬಲ್ಲ ಮೇಸ್ತ್ರಿ ಡ್ರಮ್ಮನ್ನು ಕಳಚಿ, ರಬ್ಬರ್ ವಾಷರನ್ನು ಹೊರತೆಗೆದು, ಬಟ್ಟೆಯಿಂದ ಸಿಲಿಂಡರಿನ ಒಳಮೈಯನ್ನು ಒರೆಸಿ, ತುಕ್ಕು ತಿಂದ ಗುಳಿಯಿದೆಯೇ ಎಂದು ಬೆರಳ ತುದಿಯಿಂದ ತಡವಿ ನೋಡಿ, ವರ್ನಿಯರಿನಿಂದ ಅಳತೆ ಹಿಡಿದ ಮೇಲೆಯೇ ಬದಲಿಯ ಮಾತನ್ನಾಡುತ್ತಾನೆ.

ಪೈಪಿನ ನಟ್ಟಿನಲ್ಲಿ ಇನ್ನೂ ಸೂಕ್ಷ್ಮವಾದ ವಂಚನೆಯಿದೆ. ಇಂಗ್ಲಿಷ್ ಮೂಲದ ಹಳೆಯ ವಾಹನಗಳಲ್ಲಿ ಸಾಮಾನ್ಯವಾಗಿ ಕಾಣುವ 3/8 ಅಂಗುಲದ ನಟ್ಟು, ಜಪಾನಿನ ಕಾರುಗಳ 10 ಮಿಲಿಮೀಟರ್ ಥ್ರೆಡ್ಡಿನೊಳಗೆ ಸಲೀಸಾಗಿ ತಿರುಗಿಕೊಂಡು ಹೋಗುತ್ತದೆ. ಕೈಗೆ ಬಿಗಿಯಾದಂತೆಯೂ ತೋರುತ್ತದೆ. ಆದರೆ ತುರ್ತಿನಲ್ಲಿ ಬಲವಾಗಿ ತುಳಿದ ಘಳಿಗೆಯಲ್ಲಿಯೇ ಥ್ರೆಡ್ ಕಿತ್ತುಬರಬಹುದು. ಈ ಒಂದು ಬದಲಿಯನ್ನು, ಎಷ್ಟೇ ಅವಸರವಿರಲಿ, ಯಾರೂ ಮಾಡಬಾರದು.

ಹೊಂದುವಂಥವೂ ಇವೆ. ಶೂವಿನ ಕಬ್ಬಿಣ ಸರಿಯಿದ್ದರೆ ಅದರ ಮೇಲಿನ ಸವೆದ ಲೈನರನ್ನು ಕಿತ್ತು, ಅದೇ ಅಗಲ, ಅದೇ ಬಾಗು, ಅದೇ ದಪ್ಪದ ಹೊಸ ಲೈನರನ್ನು ರಿವೆಟ್ ಹೊಡೆದು ಕೂರಿಸಬಹುದು. ಎಡಬಲ ಎರಡು ಚಕ್ರಗಳಿಗೂ ಒಂದೇ ಬಗೆಯದನ್ನು ಹಾಕಬೇಕೆಂಬುದಷ್ಟೇ ನಿಯಮ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿದ್ದುದರಿಂದ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸುವ ಅಭ್ಯಾಸವನ್ನು ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಬೇಕೆಂದು ಪ್ರತಿ ಗ್ಯಾರೇಜಿನಲ್ಲಿಯೂ ಕೈಮುಗಿದು ಕೇಳಬೇಕೆನಿಸುತ್ತದೆ: ಆ ಧೂಳನ್ನು ಮೊದಲು ಉಸಿರಾಡುವವನು ಕೆಲಸ ಕಲಿಯಲು ಬಂದ ಹುಡುಗ.

ಜೋಡಣೆ ಮುಗಿದು, ಪೈಪಿನಲ್ಲಿ ಸಿಕ್ಕಿದ ಗಾಳಿಯನ್ನು ತೆಗೆದ ಬಳಿಕ ಗಾಡಿಯನ್ನು ನಿರ್ಜನವಾದ ನೇರ ರಸ್ತೆಯಲ್ಲಿ ಓಡಿಸಿ, ಹಲವು ಬಾರಿ ಬ್ರೇಕು ಒತ್ತಿ, ಇಳಿದು ನಾಲ್ಕೂ ಚಕ್ರಗಳ ಬಳಿ ಅಂಗೈಯೊಡ್ಡಿ ಕಾವನ್ನು ನೋಡುವುದು ಕ್ರಮ; ಎಡಬಲಗಳ ಕಾವಿನಲ್ಲಿ ಭೇದ ಕಂಡರೆ ಡ್ರಮ್ಮನ್ನು ಮತ್ತೆ ಬಿಚ್ಚಲೇಬೇಕು.