ಸೂರ್ಯನೇ ಸುಟ್ಟು ಬರೆವ ಚಿತ್ರ

ಪ್ರಶ್ನೆ: ಹಳೆಯ ಕಾಲದ ಫೋಟೊ ವಿಧಾನದಲ್ಲಿ ಸೂರ್ಯ, ಆಕಾಶಗಳ ಚಿತ್ರ ಮಾಡುವ ಕಲಾವಿದರಿದ್ದಾರಂತೆ. ಹೇಗೆ? ನಮ್ಮ ಕಡೆ ಯಾರಾದರೂ ಮಾಡಿದ್ದಾರೆಯೇ?
– ಒಬ್ಬ ವಿದ್ಯಾರ್ಥಿನಿ, ತುಬಚಿ

ಉತ್ತರ: ಇದ್ದಾರೆ. ಅಮೆರಿಕದ ಕ್ರಿಸ್ ಮೆಕ್‌ಕಾ ತಾವೇ ಕಟ್ಟಿದ ದೊಡ್ಡ ಕ್ಯಾಮೆರಾದಲ್ಲಿ ಫಿಲ್ಮಿನ ಬದಲು ಹಳೆಯ ಫೋಟೊ ಕಾಗದ ಇಟ್ಟು, ಲೆನ್ಸನ್ನು ಗಂಟೆಗಟ್ಟಲೆ ಸೂರ್ಯನತ್ತ ತೆರೆದಿಡುತ್ತಾರೆ. ಬಿಸಿಲು ಒಂದೇ ಬಿಂದುವಿಗೆ ಸೇರಿ ಕಾಗದ ಸುಡುತ್ತದೆ. ಸೂರ್ಯ ಸರಿದಂತೆ ಸುಟ್ಟ ಗೆರೆಯೂ ಉದ್ದವಾಗುತ್ತದೆ.

ಆಕಾಶದ ತೊಡಕೇ ಬೇರೆ. 19ನೇ ಶತಮಾನದಲ್ಲಿ ಫೋಟೊ ತೆಗೆಯಲು ಬಳಸುತ್ತಿದ್ದ, ಕೊಲೋಡಿಯನ್ ಎಂಬ ಅಂಟುದ್ರವ ಲೇಪಿಸಿದ ಗಾಜಿನ ಫಲಕಕ್ಕೆ ನೀಲಿ ಬೆಳಕು ಬೇಗ ನಾಟುತ್ತಿತ್ತು. ನೆಲ ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಬೆಳ್ಳಗಾಗಿ ಮೋಡ ಮಾಯ! ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು, ಎರಡನ್ನೂ ಒಂದೇ ಕಾಗದದಲ್ಲಿ ಮುದ್ರಿಸಿದ.

ನಮ್ಮ ಕಡೆಯ ಉದಾಹರಣೆ ಕಲೆಯದಲ್ಲ, ವಿಜ್ಞಾನದ್ದು. 1871ರ ಡಿಸೆಂಬರ್ 12ರ ಪೂರ್ಣ ಸೂರ್ಯಗ್ರಹಣದಂದು ಕಾಸರಗೋಡಿನ ಬೇಕಲದಲ್ಲಿ, ಬ್ರಿಟಿಷ್ ಖಗೋಳಜ್ಞ ಲಾರ್ಡ್ ಲಿಂಡ್ಸೆಯ ಸಹಾಯಕ ಡೇವಿಸ್ ಸೂರ್ಯನ ಪ್ರಭಾವಲಯದ ಚಿತ್ರಗಳನ್ನು ತೆಗೆದ.

ನೀವೂ ಪ್ರಯತ್ನಿಸಬಹುದು. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್ ವಿಧಾನಕ್ಕೆ ಕಬ್ಬಿಣದ ಲವಣ ಬಳಿದ ಕಾಗದ, ಬಿಸಿಲು, ತೊಳೆಯಲು ನೀರು ಸಾಕು. ಬಿಸಿಲು ಬಿದ್ದಲ್ಲೆಲ್ಲ ಗಾಢ ನೀಲಿ. ಆದರೆ ಲೆನ್ಸಿನ ಮೂಲಕ ಸೂರ್ಯನನ್ನು ಎಂದಿಗೂ ನೋಡಬೇಡಿ.