ಕೆರೆಯ ಮೇಲಿನ ಸಾಲ

ಬೆಳ್ಳಂದೂರು ಕೆರೆಗೆ 2017ರ ಫೆಬ್ರುವರಿಯಲ್ಲಿ ಬೆಂಕಿ ಬಿದ್ದಾಗ ನಾಡೆಲ್ಲ ಬೆರಗಾಯಿತು. ಆದರೆ ನೊರೆಯೂ ಹೊಗೆಯೂ ಕಾಣದ ಕೆರೆಗಳಲ್ಲಿಯೂ ಮೀನುಗಳು ಉಸಿರುಗಟ್ಟಿ ಸಾಯುವುದುಂಟು. ಆ ಅಪಾಯವನ್ನು ಮೊದಲೇ ಅಳೆದು ಹೇಳಬಲ್ಲದ್ದು ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿಓಡಿ ಪರೀಕ್ಷೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇಲ್ಲಿ ‘ಬೇಡಿಕೆ’ಗಿಂತ ‘ಸಾಲ’ ಎಂಬ ಪದವೇ ಒಪ್ಪುತ್ತದೆ. ಕೊಳಚೆಯಲ್ಲಿನ ಸಾವಯವ ವಸ್ತುವನ್ನು ಅರಗಿಸಲು ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸುತ್ತವೆ. ನಮ್ಮ ಹವೆಯಲ್ಲಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿರಬಲ್ಲ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಸಂಸ್ಕರಿಸದ ಮನೆಗಳ ಕೊಳಚೆಯ ಬಿಓಡಿ ಸಾಮಾನ್ಯವಾಗಿ 200ರ ಆಸುಪಾಸು. ಠೇವಣಿ ಎಂಟು, ಸಾಲ ಇನ್ನೂರು!

ಬ್ರಿಟನ್ನಿನ ರಾಯಲ್ ಆಯೋಗವು 1912ರಲ್ಲಿ ಈ ಪರೀಕ್ಷೆಗೆ 5 ದಿನಗಳ ಅವಧಿಯನ್ನು ಗೊತ್ತುಪಡಿಸಿತು. ಅಲ್ಲಿನ ನದಿಗಳ ನೀರು ಅಷ್ಟರೊಳಗೆ ಸಮುದ್ರ ಸೇರುತ್ತದೆಂಬುದು ಅದಕ್ಕೆ ಹೇಳಲಾಗುವ ಕಾರಣ. ನಾವು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಎಂದು ಮಾಡಿಕೊಂಡಿದ್ದೇವೆ. ಕೆರೆಯ ನೀರಾದರೋ ಎಲ್ಲಿಗೂ ಅವಸರದಲ್ಲಿ ಹೋಗುವುದಿಲ್ಲ. ಸಾಲವೂ ಅಲ್ಲಿಯೇ ಉಳಿಯುತ್ತದೆ. ಡೈಕ್ರೋಮೇಟ್ ಬೆರೆಸಿ ಆಮ್ಲದಲ್ಲಿ ಎರಡು ಗಂಟೆ ಕುದಿಸುವ ಸಿಓಡಿ ಪರೀಕ್ಷೆಯು ಜೀವಿಗಳು ತಿನ್ನಲಾರದ ವಸ್ತುಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಇವೆರಡರ ಅಂತರ ತೀರಾ ಹಿಗ್ಗಿದರೆ ಕಾರ್ಖಾನೆಯ ತ್ಯಾಜ್ಯ ಸೇರಿರಬಹುದೆಂದು ಶಂಕಿಸಬಹುದು.

ಕೊಳಚೆ ಸಂಸ್ಕರಣಾ ಘಟಕಗಳಿಂದ ಹೊರಬೀಳುವ ನೀರಿಗೆ 2015ರ ಕೇಂದ್ರದ ಕರಡು ವಿಧಿಸಿದ್ದ ಬಿಓಡಿ ಮಿತಿ ಲೀಟರಿಗೆ 10 ಮಿಲಿಗ್ರಾಂ. 2017ರ ಅಧಿಸೂಚನೆಯಲ್ಲಿ ಅದು ಮಹಾನಗರಗಳಿಗೆ 20, ಉಳಿದೆಡೆ 30 ಆಯಿತು. ಸಿಓಡಿ, ಸಾರಜನಕ, ರಂಜಕಗಳಿಗೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ರಂಜಕವು ಬೆಳ್ಳಂದೂರಿನಂತಹ ಕೆರೆಗಳಲ್ಲಿ ಕಳೆಯನ್ನು ಕೊಬ್ಬಿಸುವ ಗೊಬ್ಬರ ಎಂಬುದು ತಿಳಿಯದ ಸಂಗತಿಯೇನಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಮಿತಿಯನ್ನು ಮತ್ತೆ ಬಿಗಿಗೊಳಿಸುವಂತೆ ಆದೇಶಿಸಬೇಕಾಯಿತು.

ಇದಕ್ಕಿಂತಲೂ ನನ್ನನ್ನು ಕಾಡುವುದು ಲೆಕ್ಕದ ರೀತಿ. ‘ಮಿತಿಯೊಳಗಿದೆ’ ಎಂಬ ಷರಾ ಬಿದ್ದೊಡನೆ ಕಡತ ಮುಚ್ಚುವುದನ್ನು ಸೇವೆಯುದ್ದಕ್ಕೂ ಕಂಡವನು ನಾನು. ದಿನಕ್ಕೆ 10 ಲಕ್ಷ ಲೀಟರ್ ಬಿಡುವ ಘಟಕ, 10 ಕೋಟಿ ಲೀಟರ್ ಬಿಡುವ ಘಟಕ ಎರಡೂ 20ರ ಮಿತಿಯಲ್ಲಿದ್ದರೆ ಕಾನೂನಿನ ಕಣ್ಣಿಗೆ ಸಮಾನ. ಆದರೆ ಕೆರೆಯ ಮೇಲೆ ಮೊದಲನೆಯದು ಹೊರಿಸುವ ಸಾಲ ದಿನಕ್ಕೆ 20 ಕಿಲೋಗ್ರಾಂ, ಎರಡನೆಯದು 2 ಸಾವಿರ ಕಿಲೋಗ್ರಾಂ. ಮಾಲಿನ್ಯ ನಿಯಂತ್ರಣ ಮಂಡಳಿಗಳು ಪ್ರಕಟಿಸುವ ಕೋಷ್ಟಕದಲ್ಲಿ, ಲೀಟರಿನ ಅಂಕಿಯ ಪಕ್ಕಕ್ಕೇ, ದಿನದ ಒಟ್ಟು ಹೊರೆಯ ಕಾಲಂ ಒಂದನ್ನು ಸೇರಿಸಬೇಕು. ಅದಕ್ಕೆ ಹೊಸ ಪ್ರಯೋಗಾಲಯವೇನೂ ಬೇಡ, ಒಂದು ಗುಣಾಕಾರ ಸಾಕು.